ಅಟ್ಟ ತುಂಬುವ ಮುನ್ನ

ಸಿಂಧುವಿಗೆ ಬರೆಯಲು ಜಾಗ ಸಿಗುತ್ತಿದ್ದದ್ದು ವರ್ಷಕ್ಕೊಮ್ಮೆ, ಅಟ್ಟದ ಅರ್ಧ ಭಾಗ ಖಾಲಿಯಾದಾಗ ಮಾತ್ರ.

ಶೆಟ್ಟಿಕೆರೆಯಲ್ಲಿ ಬಸ್ಸಿಳಿದು ಒಳದಾರಿ ಹಿಡಿದರೆ ಸಿಗುವ ಆ ಊರಿನಲ್ಲಿ ಅಟ್ಟ ಇರುವುದು ತೆಂಗಿನಕಾಯಿಗೆ, ಮನುಷ್ಯರಿಗಲ್ಲ. ಮರದಿಂದ ಕೆಡವಿದ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿದರೆ ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಗ ಅದು ಕೊಬ್ಬರಿ. ಒಂದು ಸಲ ಕೆಡವಿದ ಕಾಯಿಗೂ ಇನ್ನೊಂದು ಸಲ ಕೆಡವಿದ ಕಾಯಿಗೂ ನಡುವೆ ಬಿದಿರಿನ ತಡಿಕೆ ನಿಲ್ಲಿಸಿರುತ್ತಾರೆ. ಹಳೆಯದಕ್ಕೆ ಹೊಸದು ಬೆರೆತರೆ ಒಣಗದ ಕಾಯಿಯನ್ನೂ ಒಡೆದು ಕೆಡಿಸಿದಂತೆಯೇ ಲೆಕ್ಕ. ಸಿಂಧುವಿನ ಮನೆಯಲ್ಲಿ ಹೋದ ಬೇಸಿಗೆಯ ಕಾಯಿ ಶಿವರಾತ್ರಿಯ ಹೊತ್ತಿಗೆ ಅಟ್ಟ ಇಳಿಯುತ್ತಿತ್ತು. ಈ ಬೇಸಿಗೆಯದು ಯುಗಾದಿ ಕಳೆದ ಮೇಲೆ ಏರುತ್ತಿತ್ತು. ನಡುವಿನ ದಿನಗಳಲ್ಲಿ ತಡಿಕೆಯಿಂದಾಚೆ ಒಂದು ಮೇಜು, ಒಂದು ಸ್ಟೂಲು, ಒಂದು ಟೇಬಲ್ ಫ್ಯಾನು ಹಿಡಿಸುವಷ್ಟು ಜಾಗ ಅವಳದಾಗುತ್ತಿತ್ತು.

ಕೆಳಗೆ ಜಾಗವೇ ಇರಲಿಲ್ಲವೆಂದಲ್ಲ. ಹಜಾರದಲ್ಲಿ ಟೀವಿ ಇತ್ತು, ಅದರ ಮುಂದೆ ಅತ್ತೆ ವಿಮಲಮ್ಮ ಇರುತ್ತಿದ್ದರು. ಮಲಗುವ ಕೋಣೆಯ ಅರ್ಧವನ್ನು ಗಂಡ ರೇಣುಕಪ್ರಸಾದನ ಅಂಗಡಿಗೆ ಸೇರಿದ ಡ್ರಿಪ್ ಪೈಪಿನ ಸುರುಳಿಗಳು ಆಕ್ರಮಿಸಿದ್ದವು. ಅಡುಗೆಮನೆಯಲ್ಲಿ ಕೂತು ಬರೆಯಲು ಎರಡು ವರ್ಷ ನೋಡಿದಳು. ಅಲ್ಲಿ ಕೂತವಳನ್ನು ಕಂಡರೆ ಯಾರಿಗಾದರೂ ಏನಾದರೂ ಬೇಕೆನಿಸುತ್ತಿತ್ತು. ಅಟ್ಟದ ಗುಣವೇ ಬೇರೆ. ಏಣಿ ಕಡಿದಾಗಿತ್ತು, ವಿಮಲಮ್ಮನ ಮಂಡಿಗೆ ಅದು ಆಗದು. ಪ್ರಸಾದ ಬೆಳಗ್ಗೆ ಬೈಕ್ ಹತ್ತಿ ಚಿಕ್ಕನಾಯಕನಹಳ್ಳಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ವಾಪಸ್ಸು. ಹೆಂಚಿನ ಕೆಳಗೆ ಮಧ್ಯಾಹ್ನ ಕಾದ ರೊಟ್ಟಿಹಂಚಿನ ಮೇಲೆ ಕೂತಂತೆ ಇರುತ್ತಿತ್ತು, ಆದರೂ ಯಾರೂ ಕರೆಯುತ್ತಿರಲಿಲ್ಲ.

ಮದುವೆಗೆ ಮುಂಚೆ, ಆಮೇಲೂ ಕೆಲವು ವರ್ಷ, ಸಿಂಧು ತುಮಕೂರಿನ ಒಂದು ಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದಳು. ಆಗಲೇ ಒಂದು ಕಾದಂಬರಿ ಬಂದಿತ್ತು. ಓದಿದವರು ಮೆಚ್ಚಿದ್ದರು, ಓದಿದವರು ಕಡಿಮೆ. ಎರಡನೆಯದು ತಿಪಟೂರಿನ ಒಂದು ಹಳೆಯ ಅಚ್ಚುಕೂಟದ ಕಥೆ. ಅದರ ಮಾಲೀಕ ಗೌಸ್ ಪೀರ್ ಸತ್ತ ಮೇಲೆ ಮಗಳು ಅಜೀಜುನ್ನೀಸಾ ಅಚ್ಚಿನ ಮೊಳೆ ಜೋಡಿಸುತ್ತಾ ಅದನ್ನು ಎಳೆದುಕೊಂಡು ಹೋಗುವುದು. ಈ ಕಥೆ ಅಟ್ಟದ ಮೇಲೆ ಇದಕ್ಕೆ ಮುಂಚೆ ಎರಡು ಬೇಸಿಗೆ ಕಂಡು, ಮುಗಿಯದೆ ಎರಡು ಸಲವೂ ಕೆಳಗಿಳಿದಿತ್ತು. ಮೈಸೂರಿನ ಪ್ರಕಾಶಕಿ ಸುನಂದಾ ಈ ಸಲ ಫೋನಿನಲ್ಲಿ ಮುಲಾಜಿಲ್ಲದೆ ಹೇಳಿದ್ದರು: "ಏಪ್ರಿಲ್ ಒಳಗೆ ಕೊಟ್ರೆ ಈ ವರ್ಷದ ಪಟ್ಟಿಗೆ. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡಿ, ನಾನು ಕಾಯೋದನ್ನ ಬಿಟ್ಟುಬಿಡ್ತೀನಿ."

ಸಿಂಧುವೂ ತನಗೆ ತಾನೇ ಅದನ್ನೇ ಹೇಳಿಕೊಂಡಿದ್ದಳು. ಈ ಸಲವೂ ಮುಗಿಯದಿದ್ದರೆ ಮೇಜನ್ನು ಒಡೆದು ಬಚ್ಚಲೊಲೆಗೆ ಹಾಕುವುದು, ಬರೆಯುವವಳು ಎಂದು ಯಾರ ಹತ್ತಿರವೂ ಹೇಳಿಕೊಳ್ಳದಿರುವುದು. ಸಿಟ್ಟಿನಲ್ಲಿ ಹೇಳಿಕೊಂಡ ಮಾತಲ್ಲ. ಸುಸ್ತಾಗಿತ್ತು, ಅಷ್ಟೆ.

ಆ ಕಡೆ ತೋಟಕ್ಕೆ ಇವಳ ಕಾದಂಬರಿಯ ಗೊಡವೆ ಇರಲಿಲ್ಲ. ಹೊಂಗೆ ಚಿಗುರಿ ಬೇಲಿಯುದ್ದಕ್ಕೂ ಮಿರಮಿರ ಮಿಂಚುತ್ತಿತ್ತು. ಹಸು ಹೆಣ್ಣುಕರು ಹಾಕಿತ್ತು. ಬಡಿದು ತಂದ ಹುಣಸೆಹಣ್ಣು ಜಗಲಿಯ ಮೇಲೆ ಬೀಜ ಬಿಡಿಸುವವರಿಗಾಗಿ ಕಾದು ಬಿದ್ದಿತ್ತು. ಮೂರು ಫೇಸ್ ಕರೆಂಟು ಯಾವಾಗ ಬರುತ್ತದೋ ಆವಾಗ ಓಡಿಹೋಗಿ ಮೋಟಾರು ಹಾಕಬೇಕು, ತೆಂಗಿನ ಬುಡಗಳಿಗೆ ನೀರು ಹರಿದಿದೆಯೋ ಇಲಿ ಪೈಪು ಕಡಿದಿದೆಯೋ ನೋಡಬೇಕು. ವಸಂತ ಋತುವನ್ನು ಹಾಡಿ ಹೊಗಳಿದವರಲ್ಲಿ ಸಗಣಿ ಬಾಚಿದವರು ಎಷ್ಟು ಜನ ಎಂದು ಸಿಂಧು ಕೊಟ್ಟಿಗೆಯಲ್ಲಿ ನಿಂತು ಯೋಚಿಸಿದ್ದುಂಟು. ಇಷ್ಟೆಲ್ಲ ಮುಗಿಸಿ, ಊಟದ ತಟ್ಟೆ ತೊಳೆದಿಟ್ಟು ಅಟ್ಟ ಹತ್ತುವಾಗ ಅವಳಲ್ಲಿ ಉಳಿದಿರುತ್ತಿದ್ದದ್ದು ಒಂದು ಪುಟಕ್ಕಾಗುವಷ್ಟು ಜೀವ.

ಯುಗಾದಿ ಕಳೆದು ವಾರವಾಗಿರಲಿಲ್ಲ. ಮೂರು ಅಧ್ಯಾಯ ಬಾಕಿ ಇದ್ದವು. ಆ ಬೆಳಗ್ಗೆ ಕಾಯಿ ಕೆಡವುವ ಸಣ್ಣತಿಮ್ಮಯ್ಯ ಹೇಳದೆ ಕೇಳದೆ ಬಂದುಬಿಟ್ಟ. ಕುಡುಗೋಲು ಕಟ್ಟಿದ ಉದ್ದನೆಯ ಬಿದಿರು ಗಳವನ್ನು ಬೈಕಿಗೆ ಬಿಗಿದಿತ್ತು. ಹಿಂದೆ ಇನ್ನೊಂದು ಬೈಕಿನಲ್ಲಿ ಅವನ ಜೊತೆಯ ಇಬ್ಬರು.

"ಏನ್ ತಿಮ್ಮಯ್ಯಣ್ಣ, ಮುಂದಿನ ವಾರ ಅಂದಿದ್ಯಲ್ಲ?"

"ಪಕ್ಕದೂರಲ್ಲಿ ಇವತ್ತು ಕೆಡವ್ಬೇಕಿತ್ತು ಸಿಂಧಕ್ಕ, ಅವ್ರ ಮನೇಲಿ ಯಾರೋ ತೀರ್ಕಂಡವ್ರೆ. ಬರಿಗೈಲಿ ಯಾಕೆ ವಾಪಸ್ ಹೋಗ್ಲಿ ಅಂತ ನಿಮ್ಮ ತೋಟಕ್ಕೆ ಬಂದೆ. ಬಿಸಿಲೇರಕ್ಕೆ ಮುಂಚೆ ಅರ್ಧ ಮುಗಿಸ್ತೀವಿ. ನಾಳೆ ಒತ್ತಾರೆಗೆ ಅಟ್ಟ ತುಂಬ್ಸಿಬುಡ್ತೀವಿ."

ಕಾಯಿ ಕೆಡವುವವರು ತಾವಾಗಿ ಬಂದರೆ ಆ ಸೀಮೆಯಲ್ಲಿ ಯಾರೂ ಬೇಡ ಎನ್ನುವುದಿಲ್ಲ. ಮದುವೆ ಮನೆಯವರೂ ಅನ್ನುವುದಿಲ್ಲ. ಊರಿಗೊಬ್ಬರೋ ಇಬ್ಬರೋ ಉಳಿದಿದ್ದಾರೆ. ಒಂದು ಸಲ ಹಿಂದಕ್ಕೆ ಕಳಿಸಿದರೆ ಮತ್ತೆ ನಮ್ಮ ಸರದಿ ಯಾವಾಗ ಎಂದು ಅವರಿಗೇ ಗೊತ್ತಿರುವುದಿಲ್ಲ. ಸಿಂಧುವಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೆ ಅವಳ ಕಿವಿಯಲ್ಲಿ ಉಳಿದದ್ದು 'ನಾಳೆ ಒತ್ತಾರೆ' ಎಂಬ ಮಾತೊಂದೇ.

"ಕಾಯಿ ಇನ್ನೂ ಬಲ್ತಿಲ್ಲ" ಎಂದಳು.

ಸಣ್ಣತಿಮ್ಮಯ್ಯ ತಲೆಯೆತ್ತಿ ಎದುರಿನ ಮರ ನೋಡಿದ. ಕೆಳಗೊನೆಯ ಕಾಯಿಗಳು ಹಸಿರು ಕಳೆದುಕೊಂಡು ಹಳೇ ಗೋಣಿಯ ಬಣ್ಣಕ್ಕೆ ತಿರುಗಿದ್ದವು. "ಬಲ್ತಿಲ್ವಾ? ಯಾರಂದೋರು?"

"ಅತ್ತೆ ನೋಡಿ ಹೇಳಿದ್ರು."

ಅದು ಬಾಯಿಂದ ಬಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ವಿಮಲಮ್ಮ ಹಿಂದಿನ ದಿನವೇ ನೊಣವಿನಕೆರೆಗೆ, ತಂಗಿಯ ಮನೆಗೆ ಹೋಗಿದ್ದರು. ಅವರು ಅಂಥ ಮಾತು ಆಡಿರಲೇ ಇಲ್ಲ. ಆದರೆ ಕಾಯಿಯ ವಿಷಯದಲ್ಲಿ ಸಣ್ಣತಿಮ್ಮಯ್ಯನ ಬಾಯಿ ಮುಚ್ಚಿಸಲು ಆ ಒಂದು ಹೆಸರೇ ಸಾಕಾಗಿತ್ತು. ವಿಮಲಮ್ಮ ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಕೆಳಗಿನಿಂದಲೇ ನೋಡಿ, ಈ ಗೊನೆ ಕೆಡವಬಹುದು, ಅದರ ಮೇಲಿನದು ಇನ್ನೊಂದು ತಿಂಗಳು ಇರಲಿ ಎಂದರೆ ಅದು ಹಾಗೆಯೇ ಇರುತ್ತಿತ್ತು. ಹಿಂದೆ ಅಕ್ಕಪಕ್ಕದ ತೋಟದವರು ಕಾಯಿ ಕೆಡವುವ ಮೊದಲು ಅವರನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು.

"ದೊಡ್ಡಮ್ನೋರು ಹಂಗಂದ್ರಾ?" ಸಣ್ಣತಿಮ್ಮಯ್ಯ ಇನ್ನೊಂದು ಮರ ನೋಡಿದ. ಜೊತೆಯವನೊಬ್ಬ ನಕ್ಕ. "ಆಯ್ತು ಬುಡಿ. ಅವ್ರಂದ್ಮೇಲೆ ನಂದೇನೈತೆ." ಬೈಕು ತಿರುಗಿಸುವಾಗ ಗಳದ ತುದಿ ಬೇಲಿಗೆ ತಗುಲಿ ಹೊಂಗೆಯ ಚಿಗುರು ಉದುರಿತು.

ಆ ಮಧ್ಯಾಹ್ನ ಸಿಂಧು ಒಂದೂವರೆ ಪುಟ ಬರೆದಳು. ಚೆನ್ನಾಗಿಯೇ ಬಂತು. ಗಂಡನಿಗೂ ಅದೇ ಸುಳ್ಳನ್ನು ಹೇಳಿದಳು. ಅವನು ಲೆಕ್ಕದಲ್ಲಿ ತಲೆ ಹಾಕಿಕೊಂಡು 'ಹೂಂ' ಎಂದ. ಮರುದಿನ ವಿಮಲಮ್ಮ ಬಂದಾಗ ಸಿಂಧು ಸಣ್ಣತಿಮ್ಮಯ್ಯ ಬಂದುಹೋದ ಸುದ್ದಿಯನ್ನೇ ಎತ್ತಲಿಲ್ಲ.

ಕೆಡವದೆ ಬಿಟ್ಟರೆ ಕಾಯಿ ಮರದಲ್ಲೇ ಕೂತಿರುವುದಿಲ್ಲ. ಮೂರು ನಾಲ್ಕು ದಿನಕ್ಕೆ ಶುರುವಾಯಿತು. ತೋಟದ ಯಾವುದೋ ಮೂಲೆಯಿಂದ ದೊಪ್ಪೆಂಬ ಸದ್ದು. ಮತ್ತೊಂದು. ಬಿದ್ದ ಕಾಯಿಯನ್ನು ಹಾಗೇ ಬಿಟ್ಟರೆ ಕಂಡವರ ಪಾಲು, ಇಲ್ಲವೇ ಹಂದಿ ಪಾಲು. ಹಾಗಾಗಿ ಬೆಳಗಾಗೆದ್ದು ಹಾಲು ಕರೆಯುವ ಮೊದಲೇ ಸಿಂಧು ಗೋಣಿಚೀಲ ಹಿಡಿದು ಸಾಲು ಸಾಲು ತಿರುಗಿ ಕಾಯಿ ಆಯತೊಡಗಿದಳು. ನಡೆಯುವಾಗ ಮೇಲೆ ನೋಡುತ್ತಾ, ಬಗ್ಗುವಾಗ ಇನ್ನೊಮ್ಮೆ ಮೇಲೆ ನೋಡುತ್ತಾ. ಕರುವನ್ನು ಮರದ ನೆರಳಿನಿಂದ ಬಿಡಿಸಿ ಕೊಟ್ಟಿಗೆಯ ಒಳಗೇ ಕಟ್ಟಿದಳು.

ಆಯ್ದದ್ದನ್ನು ಎಲ್ಲಿಡುವುದು? ಅಂಗಳದಲ್ಲಿ ಬಿಟ್ಟರೆ ಬಿಸಿಲಿಗೆ ಸಿಪ್ಪೆ ಬಿರಿಯುತ್ತದೆ, ಒಳಗೆ ಕಾಯಿ ಸೀಳುತ್ತದೆ. ಅಟ್ಟಕ್ಕೇ ಹೋಗಬೇಕು. ಚೀಲವನ್ನು ಬೆನ್ನಿಗೆ ಹಾಕಿಕೊಂಡು ಏಣಿ ಹತ್ತಿ, ಅಟ್ಟದ ಖಾಲಿ ಭಾಗದ ದೂರದ ಮೂಲೆಯಲ್ಲಿ ಸುರಿಯುತ್ತಿದ್ದಳು. ಮೊದಲ ದಿನ ಆ ಪುಟ್ಟ ಗುಡ್ಡೆ ನೋಡಿ ನಗು ಬಂತು. ವಾರದ ಕೊನೆಗೆ ಬರಲಿಲ್ಲ. ಆಳುಗಳು ಎರಡು ದಿನದಲ್ಲಿ ತುಂಬುತ್ತಿದ್ದ ಅಟ್ಟವನ್ನು ಅವಳೇ ಚೀಲ ಚೀಲವಾಗಿ ತುಂಬುತ್ತಿದ್ದಳು. ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಒಂದು ವಾಕ್ಯ ಹೊಡೆದು, ಅದನ್ನು ಓದುತ್ತಾ ಕೂತಲ್ಲೇ ನಿದ್ದೆ ಹೋಗಿರುತ್ತಿದ್ದಳು.

"ಈ ಪಾಟಿ ಕಾಯಿ ಉದುರ್ತಾವಲ್ಲೇ" ವಿಮಲಮ್ಮ ಒಂದು ಬೆಳಗ್ಗೆ ಜಗಲಿಯಿಂದ ಕೂಗಿದರು. "ತಿಮ್ಮಯ್ಯ ಯಾಕೆ ಇನ್ನೂ ಬರ್ಲಿಲ್ಲ?"

"ಬರ್ತಾನೆ ಬಿಡಿ ಅತ್ತೆ."

ಅವಳಿಗೆ ಬೆನ್ನು ನೋಯುತ್ತಿತ್ತು. ಬೆನ್ನು ನೋವಿಗಿಂತ ಈ ಮಾತು ಸಲೀಸಾಗಿ ಬಂದದ್ದು ಹೆಚ್ಚು ನೋಯಿಸಿತು.

ಅದೇ ಸಂಜೆ ಹಾಲಿನ ಡೈರಿಗೆ ವಿಮಲಮ್ಮ ತಾವೇ ಹೊರಟರು. ಕ್ಯಾನು ಹಿಡಿದು ಹೋದವರು ಬಂದ ಮೇಲೆ ಟೀವಿ ಹಾಕಲಿಲ್ಲ. ಅವರ ಹಿಂದೆಯೇ ಪಕ್ಕದ ಮನೆಯ ಚಿಕ್ಕಗಂಗಮ್ಮ ಮಜ್ಜಿಗೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅವಳಿಗೆ ದನಿ ತಗ್ಗಿಸಿ ಮಾತಾಡಿ ಅಭ್ಯಾಸವಿರಲಿಲ್ಲ.

"ವಿಮಲಕ್ಕ, ಬೇಜಾರು ಮಾಡ್ಕಬ್ಯಾಡ ಕಣಕ್ಕ. ತಿಮ್ಮಯ್ಯ ತಮಾಸೆಗೆ ಅಂದಿದ್ದು. ಅವನ ಬಾಯಿಗೆ ಬೀಗ ಎಲ್ಲೈತೆ?"

"ಏನಂದ?" ಎಂದಳು ಸಿಂಧು.

"ದೊಡ್ಡಮ್ನೋರಿಗೆ ಆಪರೇಷನ್ ಮಾಡ್ದೋರು ಲೆನ್ಸ್ ಬದ್ಲು ಹಸ್ರು ಗಾಜು ಕೂರ್ಸವ್ರೆ, ಒಣಕಾಯೂ ಎಳನೀರಂಗೆ ಕಾಣ್ತೈತೆ ಅಂತ. ಡೈರೀಲಿ ಎಲ್ರೂ ನಕ್ಕಿದ್ದೇ ನಕ್ಕಿದ್ದು. ಸೆಕ್ರೆಟರಿ ಬಸವರಾಜಪ್ಪನೂ ಫ್ಯಾಟ್ ನೋಡೋದ್ ಬುಟ್ಟು ನಕ್ಕ."

ಚಿಕ್ಕಗಂಗಮ್ಮ ಮಜ್ಜಿಗೆ ತೆಗೆದುಕೊಂಡು ಹೋದಳು. ವಿಮಲಮ್ಮ ಸೆರಗಿನಿಂದ ಎಡಗಣ್ಣು ಒರೆಸಿಕೊಂಡರು. ಎರಡು ವರ್ಷದ ಹಿಂದೆ ಪೊರೆ ತೆಗೆಸಿದ್ದು ಆ ಕಣ್ಣಿನದು.

"ಸಿಂಧು, ನಾನು ಹಂಗಂದಿದ್ನೇನೇ? ಕಾಯಿ ಬಲ್ತಿಲ್ಲ ಅಂತ?"

ಸಿಂಧು ಒಲೆಯ ಕಡೆ ತಿರುಗಿದಳು.

"ನೊಣವಿನಕೆರೆಗೆ ಹೋಗೋ ಅವಸರ್ದಲ್ಲಿ ಏನಾರ ಅಂದಿದ್ನೇನೋ" ಎಂದರು ವಿಮಲಮ್ಮ. "ನಂಗೆ ಗ್ಯಾಪ್ಕನೇ ಇಲ್ವಲ್ಲ."

ಅವತ್ತೂ ಸಿಂಧು ಹೇಳಲಿಲ್ಲ. ಬಾಕಿಯಿದ್ದ ಮೂರರಲ್ಲಿ ಎರಡನೆಯ ಅಧ್ಯಾಯ ಅರ್ಧದಲ್ಲಿತ್ತು. ನಿಜ ಹೇಳಿದರೆ ನಾಳೆಯೇ ಸಣ್ಣತಿಮ್ಮಯ್ಯ ಬರುತ್ತಾನೆ, ನಾಡಿದ್ದು ಅಟ್ಟ ತುಂಬುತ್ತದೆ ಎಂಬುದು ಅವಳ ಎಣಿಕೆಯಾಗಿತ್ತು. ಇನ್ನೊಂದು ವಾರ, ಅಷ್ಟರಲ್ಲಿ ಊರಿನವರು ಬೇರೆ ಯಾರನ್ನಾದರೂ ಆಡಿಕೊಳ್ಳುತ್ತಾರೆ ಎಂದುಕೊಂಡಳು.

ಆದರೆ ವಿಮಲಮ್ಮ ಮರುದಿನದಿಂದ ತೋಟದಲ್ಲಿ ನಿಲ್ಲತೊಡಗಿದರು. ಒಂದು ಮರದ ಕೆಳಗೆ ಹೋಗಿ ಅಂಗೈ ಹುಬ್ಬಿಗಿಟ್ಟು ನೋಡುವುದು, ಒಂದು ಕಣ್ಣು ಮುಚ್ಚುವುದು, ಆಮೇಲೆ ಇನ್ನೊಂದು. ಕಾಯಿ ಬಿದ್ದೀತು ಈಚೆ ಬನ್ನಿ ಎಂದರೆ ಬರುತ್ತಿದ್ದರು, ಎದುರು ಮಾತಾಡುತ್ತಿರಲಿಲ್ಲ. ಮಜ್ಜಿಗೆಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಎಂದು ಎರಡು ಸಲ ಕೇಳಿದರು. ಡೈರಿಗೆ ಮತ್ತೆ ಹೋಗಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಪ್ರಸಾದನೇ ವಿಷಯ ಎತ್ತಿದ. ಅವನ ಅಂಗಡಿಗೂ ಮಾತು ಮುಟ್ಟಿತ್ತು. "ಅಮ್ಮ, ಗುರುವಾರ ತಿಪಟೂರಿಗೆ ಹೋಗೋಣ. ಕಣ್ಣಿನ ಡಾಕ್ಟ್ರಿಗೆ ಹೇಳಿದೀನಿ. ಹಂಗೇ ಈ ಮರೆವಿಗೂ ಏನಾರ ತೋರಿಸ್ಕಂಡು ಬರೋಣ."

ಸಿಂಧು ಅತ್ತೆಯ ಮುಖ ನೋಡಿದಳು. ಡಾಕ್ಟರು ಎಂದರೆ ಊರು ಒಂದು ಮಾಡುತ್ತಿದ್ದ ಹೆಂಗಸು ಆಕೆ. ಪೊರೆ ತೆಗೆಸಲು ಒಪ್ಪಿಸುವುದಕ್ಕೆ ಒಂದು ವರ್ಷ ಹಿಡಿದಿತ್ತು. ಈಗ ಮುದ್ದೆ ಮುರಿಯುತ್ತಾ, "ಆಯ್ತು ಕಣಪ್ಪ, ಹೋಗ್ಬರೋಣ" ಎಂದರು. ಅಷ್ಟು ಮೆತ್ತಗೆ.

ಪತ್ರಿಕೆಯಲ್ಲಿದ್ದಾಗ ಸಿಂಧು ಇಡೀ ಡೆಸ್ಕಿಗೆ ಕಿರಿಕಿರಿ ಮಾಡುತ್ತಿದ್ದದ್ದು ಒಂದೇ ವಿಷಯಕ್ಕೆ. ಉದ್ಧರಣ ಚಿಹ್ನೆಯೊಳಗೆ ಒಬ್ಬರ ಮಾತು ಹಾಕಿದರೆ ಆ ಮನುಷ್ಯ ಅದನ್ನು ಆಡಿರಬೇಕು. ವರದಿಗಾರರಿಗೆ ಫೋನು ಮಾಡಿ 'ಹೀಗೇ ಅಂದರಾ, ನೀವು ಕೇಳಿಸಿಕೊಂಡಿರಾ' ಎಂದು ಪೀಡಿಸುತ್ತಿದ್ದಳು. ಈಗ ಆಡದ ಮಾತನ್ನು ತಾನೇ ಒಬ್ಬ ಮುದುಕಿಯ ಬಾಯಿಗೆ ಹಾಕಿ, ಆಕೆ ಅದನ್ನು ನಂಬುವ ತನಕ ಸುಮ್ಮನಿದ್ದಾಳೆ. ಒಂದೂವರೆ ಅಧ್ಯಾಯಕ್ಕಾಗಿ.

ಬೆಳಗ್ಗೆ ಕೊಟ್ಟಿಗೆಯಲ್ಲಿ ಹೇಳಿದಳು. ವಿಮಲಮ್ಮ ಕರುವಿನ ಹಗ್ಗ ಹಿಡಿದು ನಿಂತಿದ್ದರು. ಸಿಂಧು ಕೆಚ್ಚಲು ತೊಳೆಯುತ್ತಾ, ತಲೆ ಹಸುವಿನ ಹೊಟ್ಟೆಗೆ ಆನಿಸಿಕೊಂಡೇ ಹೇಳಿದಳು.

"ಅಂದ್ರೆ ನಾನು ಅಂದಿರ್ಲಿಲ್ಲ."

"ಇಲ್ಲ ಅತ್ತೆ."

"ನನ್ನ ಕಣ್ಣಿಗೇನೂ ಆಗಿಲ್ಲ."

"ಏನೂ ಆಗಿಲ್ಲ."

"ಆ ಕಾಗ್ದ ಗೀಚಕ್ಕೆ ನನ್ನ ಮೂರ್ಖಿ ಮಾಡ್ದಲ್ಲೇ!" ಕರು ಬೆದರಿ ಜಗ್ಗಿತು. ವಿಮಲಮ್ಮ ಹಗ್ಗವನ್ನು ಗೂಟಕ್ಕೆ ಸುತ್ತಿದರು. "ಕೇಳಿದ್ರೆ ನಾನೇ ಅವನ್ನ ವಾಪಸ್ ಕಳಿಸ್ತಿದ್ದೆ. ನಾಕು ದಿನ ತಡ್ಕಳಲಾ ಅಂತಿದ್ದೆ. ಅವನೇನು ನನ್ನ ಮಾತು ಮೀರ್ತಿದ್ನಾ?"

ಸಿಂಧುವಿಗೆ ಇದು ಹೊಳೆದೇ ಇರಲಿಲ್ಲ. ಕೇಳುವುದು ಎಂಬ ದಾರಿಯೊಂದಿತ್ತು.

"ತಪ್ಪಾಯ್ತು."

"ನಂಗೊಬ್ಳಿಗೆ ಹೇಳಿದ್ರೆ ಆಗೋಯ್ತಾ? ನಕ್ಕೋರೆಲ್ಲ ಡೈರೀಲವ್ರೆ."

ತಪ್ಪು ಮೊದಲ ಪುಟದಲ್ಲಿ ಬಂದಿದ್ದರೆ ತಿದ್ದುಪಡಿಯೂ ಮೊದಲ ಪುಟದಲ್ಲೇ ಬರಬೇಕು. ಸಿಂಧು ಕ್ಯಾನು ಎತ್ತಿಕೊಂಡು ಹೊರಟಳು.

ಡೈರಿಯ ಮುಂದೆ ಸಾಲು ಇತ್ತು. ಬಸವರಾಜಪ್ಪ ಹಾಲನ್ನು ಅಳತೆಗೆ ಸುರಿಯುತ್ತಾ ಒಬ್ಬೊಬ್ಬರ ಹೆಸರು ಕೂಗುತ್ತಿದ್ದ. ಸಣ್ಣತಿಮ್ಮಯ್ಯನೂ ಕ್ಯಾನು ಹಿಡಿದು ನಿಂತಿದ್ದ. ಅವಳ ಸರದಿ ಬಂದಾಗ ಅವನೇ ಶುರುಮಾಡಿದ.

"ಏನ್ ಸಿಂಧಕ್ಕ, ಕಾಯಿ ಬಲಿತ್ವೋ ಇಲ್ವೋ?"

ನಗು ಶುರುವಾಗುವ ಮೊದಲೇ ಸಿಂಧು ಹೇಳಿದಳು. "ಅವತ್ತೇ ಬಲ್ತಿತ್ತು ತಿಮ್ಮಯ್ಯಣ್ಣ. ಬಲ್ತಿಲ್ಲ ಅಂತ ಅತ್ತೆ ಹೇಳಿರ್ಲಿಲ್ಲ, ಅವ್ರು ಊರಲ್ಲೇ ಇರ್ಲಿಲ್ಲ. ನಾನೇ ಸುಳ್ಳು ಹೇಳ್ದೆ."

ಯಾರೋ 'ಅಯ್ಯೋ' ಎಂದರು. ಬಸವರಾಜಪ್ಪ ಅಳತೆಯನ್ನು ಗಾಳಿಯಲ್ಲೇ ಹಿಡಿದು ನಿಂತ.

"ಸುಳ್ಳಾ? ಯಾಕವ್ವ?" ಎಂದಳು ಚಿಕ್ಕಗಂಗಮ್ಮ ಸಾಲಿನ ಹಿಂದಿನಿಂದ.

"ಅಟ್ಟ ಖಾಲಿ ಬೇಕಿತ್ತು. ನಾನು ಅಲ್ಲಿ ಕೂತು ಬರೀತೀನಿ. ಕಾದಂಬರಿ."

"ಅಟ್ಟದ ಮೇಲಾ? ಈ ಬಿಸ್ಲಲ್ಲಿ?" ಚಿಕ್ಕಗಂಗಮ್ಮನಿಗೆ ಸುಳ್ಳಿಗಿಂತ ಅದೇ ದೊಡ್ಡದಾಗಿ ಕಂಡಿತು. "ನಿಂಗೇನ್ ಗ್ರಹಚಾರ ಹೇಳು?"

"ಕತೇಲಿ ನಾವೂ ಇದೀವಾ?" ಬಸವರಾಜಪ್ಪ ಕೇಳಿದ.

"ಇಲ್ಲ."

"ಸದ್ಯ!" ಎಂದು ಅವನು ಹಾಲು ಸುರಿದ. ಈಗ ನಕ್ಕರು, ಆದರೆ ನಗುವಿನ ಮೂತಿ ಬೇರೆ ಕಡೆ ತಿರುಗಿತ್ತು. ಸಿಂಧುವಿನ ಕಿವಿ ಕೆಂಪಾಗಿದ್ದವು. ನಗಲಿ, ಅತ್ತೆಯನ್ನಲ್ಲ, ತನ್ನನ್ನು ನೋಡಿ ನಗುತ್ತಿದ್ದಾರಲ್ಲ ಎಂದುಕೊಂಡಳು.

ಸಣ್ಣತಿಮ್ಮಯ್ಯ ಮಾತ್ರ ನಗಲಿಲ್ಲ. "ಅವ್ರ ಹೆಸ್ರು ಹೇಳಿದ್ಕೆ ನಾನು ಬಾಯಿ ಮುಚ್ಕೊಂಡು ಹೋದೆ. ಇಲ್ದಿದ್ರೆ ಅಲ್ಲೇ ಒಂದು ಕಾಯಿ ಕೆಡವಿ ತೋರಿಸ್ತಿದ್ದೆ. ಆಮೇಲೆ ನಾನೂ ಸುಮ್ಕಿರ್ದೆ ಇಲ್ಲದ್ದೆಲ್ಲ ಅಂದೆ." ಅವನು ಕ್ಯಾನಿನ ಮುಚ್ಚಳ ಒತ್ತಿದ. "ಅವ್ರಿಗೆ ನಾನೇ ಬಂದು ಹೇಳ್ತೀನಿ."

"ಯಾವಾಗ ಬರ್ತೀಯ ಕಾಯಿ ಕೆಡವಕ್ಕೆ?"

"ಈಗೆಲ್ಲಾಯ್ತದೆ? ಕೆಂಕೆರೆ ಕಡೆ ಮೂರು ತೋಟಕ್ಕೆ ಮಾತು ಕೊಟ್ಬುಟ್ಟಿದೀನಿ. ಅವು ಮುಗೀಬೇಕು. ಯಾವಾಗ ಅಂತ ಹೇಳಕ್ಕಾಗಲ್ಲ."

ಹೀಗೆ, ಕಳೆದುಕೊಳ್ಳುತ್ತೇನೆ ಎಂದು ಹೆದರಿದ್ದ ಅಟ್ಟ ಅವಳಿಗೇ ಉಳಿಯಿತು. ಅದರಿಂದ ಸಂತೋಷವೇನೂ ಆಗಲಿಲ್ಲ. ಕಾಯಿ ಉದುರುವುದು ನಿಲ್ಲಲಿಲ್ಲ. ಈಗ ಬಿಸಿಲು ಬಲಿತು ಹೆಚ್ಚೇ ಉದುರುತ್ತಿದ್ದವು. ಪ್ರಸಾದ ನಿಜ ತಿಳಿದು ಒಂದು ಹೊತ್ತು ಮಾತು ಬಿಟ್ಟ. ಆಮೇಲೆ ಡಾಕ್ಟರಿಗೆ ಫೋನು ಮಾಡಿ ಬೇಡ ಎಂದ, ಭಾನುವಾರದ ಆಯುವ ಕೆಲಸ ತನ್ನದು ಎಂದೂ ಹೇಳಿದ. ಉಳಿದ ದಿನ ಅವಳೇ.

ವಿಮಲಮ್ಮ ಸಿಂಧುವಿನ ಜೊತೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿದರು. ಹೇಳಬೇಕಾದ್ದನ್ನು ಕರುವಿಗೆ ಹೇಳುತ್ತಿದ್ದರು. "ನೋಡವ್ವ, ಮೂಲೆ ಮರದ ಕೆಳಗೆ ನಾಕು ಬಿದ್ದವೆ. ಕಣ್ಣಿರೋರಿಗೆ ಕಾಣ್ತವೆ." ಆದರೆ ಬೆಳಗ್ಗೆ ಏಣಿಯ ಬುಡಕ್ಕೆ ಬಂದು ಕುಳಿತಿರುತ್ತಿದ್ದರು. ಸಿಂಧು ತಂದು ಸುರಿದ ಕಾಯಿಗಳಲ್ಲಿ ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿ, ಇಲಿ ಕೊರೆದದ್ದು, ತೊಟ್ಟು ಬಿರಿದದ್ದು ಬೇರೆ ಮಾಡಿ ಅಡುಗೆಗೆ ಇಟ್ಟುಕೊಂಡು, ಮೇಲಕ್ಕೆ ಹೋಗಬೇಕಾದ್ದನ್ನು ಮಾತ್ರ ಚೀಲಕ್ಕೆ ತುಂಬಿ ಕಟ್ಟಿಕೊಡುತ್ತಿದ್ದರು. ಎತ್ತುವ ಭಾರ ಅದರಿಂದ ಸ್ವಲ್ಪ ಕಡಿಮೆಯಾಯಿತು. ಸಣ್ಣತಿಮ್ಮಯ್ಯ ಒಂದು ಸಂಜೆ ಬಂದು ಜಗಲಿಯ ಮೇಲೆ ಕೂತು ಕಾಫಿ ಕುಡಿದು ಹೋದ. ಅವರಿಬ್ಬರು ಏನು ಮಾತಾಡಿಕೊಂಡರೆಂದು ಸಿಂಧು ಕೇಳಲಿಲ್ಲ. ಮಾರನೆಯ ದಿನ ವಿಮಲಮ್ಮ ಡೈರಿಗೆ ತಾವೇ ಹೋದರು.

ಸಿಂಧು ಬರೆದಳು. ಹುರುಪಿನಿಂದಲ್ಲ, ನಾಟಿ ಮಾಡುವವರು ಸೊಂಟ ಎತ್ತದೆ ಒಂದೊಂದೇ ಸಾಲು ಹಿಂದಕ್ಕೆ ಬರುವ ಹಾಗೆ. ಕೆಲವು ದಿನ ಒಂದು ಪ್ಯಾರಾ. ಕೆಲವು ದಿನ ನಿನ್ನೆಯ ಪ್ಯಾರಾ ಹೊಡೆದುಹಾಕುವುದೇ ಕೆಲಸ. ಎರಡನೆಯ ಅಧ್ಯಾಯ ಮುಗಿದಾಗ ಕಾಯಿಯ ರಾಶಿ ಮೂಲೆಯಿಂದ ಹೊರಟು ಅಟ್ಟದ ನಡುವಿಗೆ ಬಂದಿತ್ತು. ರಾಶಿ ಜಾರಿ ಮೇಜಿನ ಕಾಲಿಗೆ ಮುಟ್ಟಿದಾಗ ಕೊನೆಯ ಅಧ್ಯಾಯ ಹಾಗೇ ಉಳಿದಿತ್ತು. ಅಚ್ಚುಯಂತ್ರವನ್ನು ಅಜೀಜುನ್ನೀಸಾ ಯಾರಿಗೆ ಮಾರಿದಳು, ಆಮೇಲೆ ಎಲ್ಲಿಗೆ ಹೋದಳು ಎಂಬುದು ಅದರಲ್ಲಿ ಬರಬೇಕಿತ್ತು. ಸಿಂಧು ಸ್ಟೂಲನ್ನು ಗೋಡೆಗೆ ಒತ್ತಿ ಕೂತು ಅದರ ಮೊದಲ ವಾಕ್ಯವನ್ನು ಆರು ಥರ ಬರೆದಳು. ಆರೂ ಸತ್ತಿದ್ದವು.

ಅಶ್ವಿನಿ ಮಳೆ ಒಂದು ಹದ ಬಿದ್ದು ತೋಟದಲ್ಲಿ ಮಣ್ಣಿನ ವಾಸನೆ ಎದ್ದಿದ್ದ ಮಧ್ಯಾಹ್ನ ಫೋನು ಬಂತು.

"ಸಿಂಧಕ್ಕ, ಕೆಂಕೆರೆದು ಮುಗೀತು. ನಾಳೆ ಬೆಳಗ್ಗೆ ಬತ್ತೀನಿ. ಅಟ್ಟ ಕೊಡ್ತೀರೋ, ಇನ್ನೂ ಏನಾರ ಬರ್ಯೋದೈತೋ?" ಸಣ್ಣತಿಮ್ಮಯ್ಯನ ದನಿಯಲ್ಲಿ ಕೀಟಲೆ ಇತ್ತು. "ಇದ್ರೆ ಹೇಳಿಬುಡಿ. ಆದ್ರೆ ನಾಳೆ ಬುಟ್ರೆ ಜೇಷ್ಟದ ತಂಕ ನಂಗೆ ಬುಡುವಿಲ್ಲ."

ಒಂದು ಅಧ್ಯಾಯ ಇತ್ತು. ಮರಗಳಲ್ಲಿ ಇನ್ನೂ ಮುಕ್ಕಾಲು ಪಾಲು ಕಾಯಿ ಇದ್ದವು. ಅವೆಲ್ಲವೂ ಒಂದೊಂದಾಗಿ ತನ್ನ ಬೆನ್ನ ಮೇಲೆಯೇ ಏಣಿ ಹತ್ತುವುದನ್ನು ಸಿಂಧು ನೆನೆಸಿಕೊಂಡಳು.

"ಬಾ ತಿಮ್ಮಯ್ಯಣ್ಣ. ನಾಳೆನೇ ಬಾ."

ಫೋನಿಟ್ಟು ಬರೆದದ್ದನ್ನು ಮೊದಲಿನಿಂದ ಸರಿಸುತ್ತಾ ಹೋದಳು. ಪುಟದಲ್ಲಿ ಜಾಗ ಮುಗಿದರೆ ಡೆಸ್ಕಿನಲ್ಲಿ ವರದಿಯನ್ನು ಕೆಳಗಿನಿಂದ ಕತ್ತರಿಸುತ್ತಿದ್ದರು. ಕೊನೆಯ ಪ್ಯಾರಾ ಮೊದಲು ಹೋಗುತ್ತದೆ, ಅಗತ್ಯ ಬಿದ್ದರೆ ಅದರ ಹಿಂದಿನದು. ವರದಿ ಬರೆದವನು ಅಯ್ಯೋ ಎನ್ನುತ್ತಿದ್ದ, ಓದುಗರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಕಾದಂಬರಿ ವರದಿಯಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಕೊನೆಯಿಂದ ಎರಡನೆಯ ಅಧ್ಯಾಯದ ಅಂಚಿಗೆ ಬಂದು ನಿಂತಳು. ಅಲ್ಲಿ ಅಜೀಜುನ್ನೀಸಾ ಕೊನೆಯ ಮದುವೆ ಪತ್ರಿಕೆಯ ಮೊಳೆಗಳನ್ನು ಬಿಡಿಸಿ ಅವುಗಳ ಗೂಡಿಗೆ ಹಾಕಿ, ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಾಳೆ. ಉಗುರಿನ ಸಂದಿಯ ಮಸಿ ಹೋಗುವುದಿಲ್ಲ. ಸೋಪು ಹಾಕಿ ಮತ್ತೆ ತೊಳೆಯುತ್ತಾಳೆ.

ಇಲ್ಲಿಗೇ ನಿಲ್ಲುತ್ತದೆಯೇ? ಮೂರು ಸಲ ಓದಿದಳು. ಯಂತ್ರ ಯಾರ ಪಾಲಾಯಿತು ಎಂದು ಓದಿದವರು ಕೇಳಬಹುದು. ಕೇಳದೆಯೂ ಇರಬಹುದು. ಇದು ಸರಿಯಾದ ಕೊನೆಯೋ, ಸುಸ್ತಾದವಳಿಗೆ ಸರಿಯಾಗಿ ಕಂಡ ಕೊನೆಯೋ ಎಂದು ಹೇಳುವುದು ಅವಳಿಂದ ಆಗಲಿಲ್ಲ. ಸತ್ತ ಆರು ವಾಕ್ಯಗಳನ್ನು ಅಳಿಸಿದಳು. ಹೆಂಚಿನ ಸಂದಿಯ ಹತ್ತಿರ ಫೋನು ಹಿಡಿದರೆ ಸಿಗ್ನಲ್ಲಿನ ಎರಡು ಗೀಟು ಸಿಗುತ್ತಿತ್ತು. 'ಮುಗಿದಿದೆ, ನೋಡಿ' ಎಂದಷ್ಟೇ ಬರೆದು ಸುನಂದಾಗೆ ಕಳಿಸಿದಳು.

ಏಣಿಯ ಬುಡದಲ್ಲಿ ವಿಮಲಮ್ಮ ನಿಂತಿದ್ದರು.

"ತಿಮ್ಮಯ್ಯ ನಾಳೆ ಬರ್ತಾನಂತೆ ಅತ್ತೆ."

"ನಂಗೂ ಹೇಳ್ದ." ಎಷ್ಟೋ ದಿನದ ಮೇಲೆ ಅವರು ಕರುವಿನ ಜೊತೆಗಲ್ಲದೆ ಅವಳ ಜೊತೆಗೇ ಮಾತಾಡಿದ್ದರು. "ನಿಂದು?"

"ಕಳಿಸ್ದೆ."

"ಆಯ್ತಲ್ಲ. ಬೆಳಗ್ಗೆ ಆಳುಗಳಿಗೆ ಉಪ್ಪಿಟ್ಟಾಗ್ಬೇಕು, ಮಧ್ಯಾಹ್ನಕ್ಕೆ ಮುದ್ದೆ. ರವೆ ಐತಾ ನೋಡು."

ರವೆಯ ಡಬ್ಬ ಮೇಲಿನ ಗೂಡಿನಲ್ಲಿತ್ತು. ಸಿಂಧು ತೋಳು ಎತ್ತಲು ನೋಡಿದಳು. ಭುಜದ ಮಟ್ಟಕ್ಕಿಂತ ಮೇಲೆ ಹೋಗಲಿಲ್ಲ. ಸ್ವಲ್ಪ ಹೊತ್ತು ಹಾಗೇ ಗೋಡೆಗೆ ಒರಗಿ ನಿಂತು, ಆಮೇಲೆ ಮಣೆ ಎಳೆದುಕೊಂಡು ಅದರ ಮೇಲೆ ಹತ್ತಿದಳು.